ಇಪ್ಪತ್ತು ಗ್ರಾಂ ಎಲ್ಲಿಂದ ತೆಗೆಯಬೇಕು?

(ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)



ಮೇಜಿನ ಮೇಲಿರುವ ಈ ರಿಮೋಟ್ ಕಾರನ್ನು ಬರೀ ಆಟಿಕೆ ಎಂದುಕೊಳ್ಳಬೇಡಿ. ಕಲ್ಲುಮಣ್ಣಿನ ದಾರಿಯಲ್ಲಿ ಓಡಲೆಂದೇ ಮಾಡಿದ, ಹತ್ತನೇ ಒಂದು ಅಳತೆಯ ಬಗ್ಗಿ ಇದು. ಜಪಾನಿನ ತಮಿಯಾ ಸಂಸ್ಥೆ 1979ರಲ್ಲಿ ಇಂಥ ಬಗ್ಗಿಗಳನ್ನು ಮಾರುಕಟ್ಟೆಗೆ ತಂದಿತು. 1984ರಲ್ಲಿ ಅಮೆರಿಕದ ಆರ್‌ಸಿ10 ಬಂತು: ಅಲ್ಯೂಮಿನಿಯಂ ತಳ, ನೈಲಾನ್ ತೋಳುಗಳು, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್. ಮರುವರ್ಷವೇ ಅದು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡು ಚಕ್ರ ಚಾಲನೆಯ ವಿಭಾಗವನ್ನು ಗೆದ್ದಿತು.

ಭಾರದಲ್ಲಿ ಎರಡು ಬಗೆ. ಸ್ಪ್ರಿಂಗಿನ ಮೇಲೆ ಕುಳಿತದ್ದು ಒಂದು. ಚಕ್ರದೊಡನೆ ಏರಿಳಿಯುವುದು ಇನ್ನೊಂದು. ಸೇವಂತಿಗೆ ಬುಟ್ಟಿ ತಲೆಯ ಮೇಲಿದ್ದರೂ ಗದ್ದೆಯಂಚಿನಲ್ಲಿ ಸಲೀಸಾಗಿ ನಡೆಯುತ್ತೀರಿ. ನಾಟಿ ಗದ್ದೆಯ ಕೆಸರು ಕಾಲಿಗೆ ಮೆತ್ತಿಕೊಂಡರೆ? ಒಂದೊಂದು ಹೆಜ್ಜೆಯೂ ಕಷ್ಟ. ಚಕ್ರದ ಕಥೆಯೂ ಅದೇ. ಚಕ್ರ ಹಗುರವಿದ್ದರೆ ಸ್ಪ್ರಿಂಗ್ ಅದನ್ನು ಬೇಗ ನೆಲಕ್ಕೆ ಒತ್ತುತ್ತದೆ, ಹಿಡಿತ ಉಳಿಯುತ್ತದೆ. ಭಾರವಿದ್ದರೆ ಉಬ್ಬು ದಾಟಿದ ಮೇಲೂ ಅದು ಗಾಳಿಯಲ್ಲಿರುತ್ತದೆ.

ಒಂದು ಲೆಕ್ಕ ಮಾಡೋಣ. ಕಾರು 1500 ಗ್ರಾಂ, ನಾಲ್ಕು ಮೂಲೆಗಳಲ್ಲಿ ಏರಿಳಿಯುವ ಭಾರ ತಲಾ 100 ಗ್ರಾಂ ಎಂದಿಟ್ಟುಕೊಳ್ಳಿ. ಮೇಲಿನದು 1100, ಕೆಳಗಿನದು 400, ಅನುಪಾತ 2.75. ತಳದಿಂದ 80 ಗ್ರಾಂ ಕಿತ್ತರೆ ಅನುಪಾತ 2.55ಕ್ಕೆ ಇಳಿಯುತ್ತದೆ. ಅದೇ 80 ಗ್ರಾಂ ಅನ್ನು ಚಕ್ರಗಳ ಕಡೆಯಿಂದ ತಲಾ 20ರಂತೆ ತೆಗೆದರೆ 3.44ಕ್ಕೆ ಏರುತ್ತದೆ. ಒಟ್ಟು ತೂಕ ಎರಡರಲ್ಲೂ ಒಂದೇ. ಓಟ ಮಾತ್ರ ಬೇರೆ. ನಮ್ಮ ಕುಂದಗನ್ನಡದಲ್ಲಿ ಹೇಳುವುದಾದರೆ, ಭಾರ ಎಲ್ಲಿತ್ತ್ ಅಂದ್ ಮೊದ್ಲ್ ಕಾಣಿ!

ತೋಳಿನಲ್ಲೂ ಹೀಗೆಯೇ. ಕೀಲಿನಿಂದ ಎರಡು ಪಟ್ಟು ದೂರವಿರುವ ಒಂದು ಗ್ರಾಂ, ತಿರುಗುವ ಜಡತ್ವದಲ್ಲಿ ನಾಲ್ಕು ಪಟ್ಟು ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಹೊರತುದಿಯಿಂದಲೇ ಆರಂಭಿಸಿ: ಟಯರು, ರಿಮ್ಮು, ಆಕ್ಸಲ್, ಆಮೇಲೆ ತೋಳು.

ಹಗುರ ಎಂದರೆ ತೆಳ್ಳಗೆ ಕೆರೆಯುವುದಲ್ಲ. ಬಿದಿರು ಟೊಳ್ಳಾದರೂ ಗಟ್ಟಿ. ಬಾಗುವಿಕೆಯನ್ನು ತಡೆಯುವುದು ಹೊರಮೈ. ತೋಳಿನ ನಡುವೆ ಕಿಂಡಿ ಮಾಡಬಹುದು, ಪಿನ್ ಕೂರುವ ತೂತಿನ ಸುತ್ತ ಮಾತ್ರ ಮುಟ್ಟಬೇಡಿ. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನ ಸುಮಾರು ಮೂರನೇ ಒಂದು ಭಾಗ, ಬಿಗುವೂ ಅಷ್ಟೇ. ನೈಲಾನ್ ಇನ್ನೂ ಹಗುರ. ಪೆಟ್ಟು ಬಿದ್ದರೆ ಬಾಗಿ ಮರಳುತ್ತದೆ. ಅಲ್ಯೂಮಿನಿಯಂ ಬಾಗಿದರೆ ಹಾಗೆಯೇ ಉಳಿಯುತ್ತದೆ; ಕಾರ್ಬನ್ ಫೈಬರ್ ಬಾಗದೆ ಮುರಿಯುತ್ತದೆ.

ಹಿರಿಯರು ಕೇಳಬಹುದು, ಇದರಿಂದ ನಮಗೇನು? ಇಂದು ಊರಿಗೆ ಬರುತ್ತಿರುವ ಹಲವು ಎಲೆಕ್ಟ್ರಿಕ್ ಸ್ಕೂಟರುಗಳ ಮೋಟಾರು ಹಿಂದಿನ ಚಕ್ರದೊಳಗೇ ಇದೆ. ಕಾಲಿಗೆ ಕೆಸರು ಮೆತ್ತಿಕೊಂಡಂತೆಯೇ! ಮಳೆಗಾಲದ ನಮ್ಮ ಒಳದಾರಿಗಳಲ್ಲಿ ಹಿಂದೆ ಕುಳಿತವರ ಬೆನ್ನು ಅದಕ್ಕೆ ಬೆಲೆ ತೆರುತ್ತದೆ. ಕೊಳ್ಳುವ ಮುನ್ನ ಮೋಟಾರು ಎಲ್ಲಿದೆ ಎಂದು ಕೇಳಿ.

ಮಕ್ಕಳೇ, ಇಂಜಿನಿಯರಿಂಗ್ ವಿದ್ಯಾರ್ಥಿಗಳು ಒಬ್ಬರು ಕೂರುವ ಕಚ್ಚಾದಾರಿಯ ವಾಹನ ಕಟ್ಟುವ ಬಾಜಾ ಸ್ಪರ್ಧೆ ನಮ್ಮ ದೇಶದಲ್ಲಿ 2007ರಿಂದ ನಡೆಯುತ್ತಿದೆ. ಕರ್ನಾಟಕದ ಕಾಲೇಜುಗಳೂ ಸ್ಪರ್ಧಿಸುತ್ತವೆ. ಅಲ್ಲಿ ಕೇಳುವ ಮೊದಲ ಪ್ರಶ್ನೆಗಳು ನಿಮ್ಮ ವಿಜ್ಞಾನ ಪುಸ್ತಕದಲ್ಲಿರುವ ರಾಶಿ, ಬಲ, ಜಡತ್ವದವು. ಕನ್ನಡದಲ್ಲಿ ಕಲಿತವರಿಗೆ ಇವು ಕಷ್ಟವೆಂಬ ಮಾತನ್ನು ನಂಬಬೇಡಿ. ಉಬ್ಬಿಗೆ ಸಿಕ್ಕ ಚಕ್ರಕ್ಕೆ ಮಾಧ್ಯಮ ಗೊತ್ತಿಲ್ಲ.

ಹಳೆ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಒಂದೇ: ಪ್ರಯೋಗಾಲಯಕ್ಕೆ ಗ್ರಾಂ ತೋರಿಸುವ ಒಂದು ತಕ್ಕಡಿ, ಬಿಚ್ಚಿ ಜೋಡಿಸಬಲ್ಲ ಎರಡು ಕಾರು ಕೊಡೋಣ. ಈ ಕಾರನ್ನು ಇಂದು ಇಲ್ಲಿಯೇ ಬಿಟ್ಟು ಹೋಗುತ್ತಿದ್ದೇನೆ. ಮುರಿದರೂ ಚಿಂತೆಯಿಲ್ಲ, ಎಲ್ಲಿ ಮುರಿಯಿತೆಂದು ಬರೆದಿಡಿ.