ವಿದ್ಯೆಯ ಸೀಮೆ, ನಾಡಿನ ಸೀಮೆ



ವಿಶ್ವವಿದ್ಯಾನಿಲಯವೊಂದರ ಯೋಗ್ಯತೆಯನ್ನು ಅದರ ಕಟ್ಟಡಗಳಿಂದಾಗಲಿ ಅದು ನೀಡುವ ಪದವಿಗಳ ಸಂಖ್ಯೆಯಿಂದಾಗಲಿ ಅಳೆಯಲಾಗದು. ಅಲ್ಲಿ ಕಲಿತವರ ವಿದ್ಯೆ ಕಲಿಯಲಾಗದೆ ಉಳಿದವರ ಬಾಳಿಗೆ ಎಷ್ಟರಮಟ್ಟಿಗೆ ಒದಗಿತು ಎಂಬುದೇ ಅದರ ನಿಜವಾದ ಅಳತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು ಈ ವಿಚಾರವನ್ನು ತನ್ನ ಧ್ಯೇಯವನ್ನಾಗಿ ಮಾಡಿಕೊಂಡು, ವಿದ್ಯೆಯ ಸೀಮೆ ಕಾಲೇಜಿನ ಆವರಣಕ್ಕೆ ಮುಗಿಯದೆ ಇಡೀ ಸಂಸ್ಥಾನದ ಗಡಿಯವರೆಗೆ ಹರಡಬೇಕೆಂದು ಸಾರಿತು. ರೈತರು, ಕಾರ್ಮಿಕರು, ಗೃಹಿಣಿಯರು ಇರುವಲ್ಲಿಗೇ ಅಧ್ಯಾಪಕರು ಹೋಗಿ ತಿಳಿವಳಿಕೆ ನೀಡುವ ಈ ಏರ್ಪಾಡಿಗೆ ವಿಸ್ತರಣ ಶಿಕ್ಷಣವೆಂದು ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ರೂಪರೇಷೆಯ ಹಿಂದೆ ಶಿಕ್ಷಣತಜ್ಞರಾದ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್ಹ್ಯಾಮ್ ಅವರು ಪರಿಶೀಲಿಸಿದ ಹೊರದೇಶಗಳ ಮಾದರಿಗಳಿದ್ದವು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಜೊತೆಗೆ ವಿಸ್ಕಾನ್ಸಿನ್ ಮತ್ತು ಷಿಕಾಗೋ ವಿಶ್ವವಿದ್ಯಾನಿಲಯಗಳ ಆದರ್ಶವೂ ಅವುಗಳಲ್ಲಿ ಸೇರಿತ್ತು.

ಈ ಆದರ್ಶ ಹುಟ್ಟಿದ ಅಂದಿನ ಅಮೆರಿಕದ ವಿದ್ಯಾರ್ಥಿ ಜೀವನದಲ್ಲಿ ಪಾಠದಷ್ಟೇ ದುಡಿಮೆಗೂ ಸ್ಥಾನವಿತ್ತು. ಭೋಜನಶಾಲೆಯಲ್ಲಿ ತಟ್ಟೆ ತೊಳೆದು, ಬೇಸಿಗೆ ರಜೆಯಲ್ಲಿ ತೋಟಗಳಲ್ಲಿ ಕೂಲಿ ಮಾಡಿ ಶುಲ್ಕ ಕಟ್ಟುವುದು ಅಲ್ಲಿನ ಅನೇಕ ವಿದ್ಯಾರ್ಥಿಗಳಿಗೆ ಅವಮಾನದ ಸಂಗತಿಯಾಗಿರಲಿಲ್ಲ. ಭಾರತದಿಂದ ಹೋದ ಬಡ ವಿದ್ಯಾರ್ಥಿಗಳು ಹಲವರು ಇದೇ ಹಾದಿಯಲ್ಲಿ ಓದು ಮುಗಿಸಿದರು. ಅದೇ ಕಾಲದಲ್ಲಿ ನಮ್ಮ ನಾಡಿನ ಬಡ ವಿದ್ಯಾರ್ಥಿಗೆ ವಾರಾನ್ನ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿ ಓದುವ ಪದ್ಧತಿ, ಆಸರೆಯಾಗಿತ್ತು. ಆ ಆತಿಥ್ಯದ ಹಿಂದಿನ ಔದಾರ್ಯ ದೊಡ್ಡದು, ಆದರೆ ಅದು ಜಾತಿಯ ಹೊಸ್ತಿಲನ್ನು ಸುಲಭವಾಗಿ ದಾಟುತ್ತಿರಲಿಲ್ಲವಾದ್ದರಿಂದ ಬಹುಪಾಲು ಮಕ್ಕಳು ಅದರ ಹೊರಗೇ ಉಳಿದರು.

ಅಮೆರಿಕದಲ್ಲಿ ಕಲಿತ ಇಬ್ಬರು ಭಾರತೀಯ ವಿದ್ಯಾರ್ಥಿಗಳ ಬಾಳು ಈ ಸಂದರ್ಭದಲ್ಲಿ ವಿಶೇಷವಾಗಿ ಸ್ಮರಣೀಯ. ಧಾರವಾಡದಲ್ಲಿ ಹುಟ್ಟಿದ ಡಾ. ನಾ.ಸು. ಹರ್ಡೀಕರ್ ಅವರು 1913ರಲ್ಲಿ ಅಮೆರಿಕಕ್ಕೆ ಹೋಗಿ, ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರವನ್ನು, ಅಂದರೆ ರೋಗಿಯೊಬ್ಬನ ಚಿಕಿತ್ಸೆಗಿಂತ ಸಮುದಾಯದ ಆರೋಗ್ಯರಕ್ಷಣೆಯನ್ನು ಮುಖ್ಯವಾಗಿ ನೋಡುವ ಶಾಸ್ತ್ರವನ್ನು, ಅಭ್ಯಾಸ ಮಾಡಿದರು. ಅಮೆರಿಕದಲ್ಲಿಯೇ ಲಾಲಾ ಲಜಪತರಾಯರ ಜೊತೆ ಸ್ವಾತಂತ್ರ್ಯದ ಪ್ರಚಾರಕ್ಕೆ ದುಡಿದು, ತಾಯ್ನಾಡಿಗೆ ಮರಳಿ 1923ರಲ್ಲಿ ಹಿಂದೂಸ್ತಾನಿ ಸೇವಾದಳವೆಂಬ ಸ್ವಯಂಸೇವಕ ಸಂಘಟನೆಯನ್ನು ಕಟ್ಟಿ, ಹುಬ್ಬಳ್ಳಿಯನ್ನು ಅದರ ಕೇಂದ್ರವನ್ನಾಗಿ ಮಾಡಿದರು.

ಅದೇ 1913ರಲ್ಲಿ ಬರೋಡದ ಮಹಾರಾಜರ ವಿದ್ಯಾರ್ಥಿವೇತನದ ನೆರವಿನಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದವರು ಡಾ. ಬಿ.ಆರ್. ಅಂಬೇಡ್ಕರ್. ಸ್ವದೇಶದ ಶಾಲೆಯಲ್ಲಿ ಸಹಪಾಠಿಗಳಿಂದ ದೂರ ಕುಳಿತು, ನೀರಿನ ಪಾತ್ರೆಯನ್ನು ಮುಟ್ಟುವ ಹಕ್ಕೂ ಇಲ್ಲದೆ ಓದಿದ್ದ ಅವರಿಗೆ ಎಲ್ಲರ ಜೊತೆ ಸಮನಾಗಿ ಕುಳಿತು ಉಣ್ಣುವ, ಓದುವ, ವಾದಿಸುವ ಅವಕಾಶ ಅಲ್ಲಿ ದೊರೆಯಿತು. ಅರ್ಥಶಾಸ್ತ್ರಜ್ಞ ಸೆಲಿಗ್‌ಮನ್ ಮತ್ತು ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವರಂತಹ ಗುರುಗಳ ಬಳಿ ಕಲಿತು, 1915ರಲ್ಲಿ ಎಂ.ಎ. ಪದವಿ ಪಡೆದು, 1916ರ ಮೇ ತಿಂಗಳಲ್ಲಿ ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆಯನ್ನು ಕುರಿತ ಪ್ರಬಂಧವನ್ನು ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಮಂಡಿಸಿದರು. ತಾವು ಅನುಭವಿಸಿದ ನೋವನ್ನೇ ಶಾಸ್ತ್ರೀಯ ಅಧ್ಯಯನದ ವಸ್ತುವನ್ನಾಗಿಸಿ, ಆ ಅಧ್ಯಯನದ ಫಲವನ್ನು ಕೋಟ್ಯಂತರ ಜನರ ಹಕ್ಕನ್ನಾಗಿ ಪರಿವರ್ತಿಸಿದ್ದು ಅವರ ವಿದ್ಯಾರ್ಥಿ ಜೀವನದ ಪರಮ ಸಾರ್ಥಕತೆ.

ಅಂಬೇಡ್ಕರರ ಹೆಸರನ್ನು ಹೊತ್ತ ಸ್ನಾತಕೋತ್ತರ ಕೇಂದ್ರವೇ ಬೆಳೆದು ಚಾಮರಾಜನಗರ ವಿಶ್ವವಿದ್ಯಾನಿಲಯವಾಗಿರುವುದು ಈ ನೆಲದ ಪದವೀಧರರ ಹೊಣೆಯನ್ನು ಹೆಚ್ಚಿಸುತ್ತದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯಲ್ಲಿ ತಮ್ಮ ಮನೆತನದಲ್ಲೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು ಹಲವರಿದ್ದಾರೆ. ಗುಂಡ್ಲುಪೇಟೆಯ ಅರಿಶಿನ ಬೆಳೆಗಾರನು ಬೆಲೆಯ ಏರಿಳಿತದಿಂದ ಬಳಲುತ್ತಿದ್ದಾನೆ, ಬಂಡೀಪುರದ ಅಂಚಿನ ಹಳ್ಳಿಗಳು ಬೆಳೆಯನ್ನು ಆನೆಗಳಿಂದ ಕಾಯಲು ರಾತ್ರಿಯಿಡೀ ಎಚ್ಚರವಿರುತ್ತವೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಾಡಿನ ಅರಿವು ಪಠ್ಯಗಳಲ್ಲಿ ಇನ್ನೂ ತಕ್ಕ ಸ್ಥಾನಕ್ಕಾಗಿ ಕಾದಿದೆ. ಅರ್ಥಶಾಸ್ತ್ರ, ಜೀವಶಾಸ್ತ್ರ, ಸಮಾಜಶಾಸ್ತ್ರಗಳನ್ನು ಕಲಿತವರಿಗೆ ಇವು ದೂರದ ಸಮಸ್ಯೆಗಳಲ್ಲ. ತಮ್ಮ ಮನೆಯಂಗಳದಲ್ಲೇ ಇರುವ ಸಂಶೋಧನೆಯ ವಿಷಯಗಳು.

ಪದವೀಧರರು ಉದ್ಯೋಗವನ್ನರಸಿ ಬೆಂಗಳೂರಿಗೆ, ಅಮೆರಿಕಕ್ಕೆ ಹೋಗುವುದು ತಪ್ಪಲ್ಲ. ಹರ್ಡೀಕರರೂ ಅಂಬೇಡ್ಕರರೂ ಹೋದವರೇ. ಆದರೆ ಅವರು ಗಳಿಸಿದ ವಿದ್ಯೆ ಅವರಲ್ಲೇ ಉಳಿಯಲಿಲ್ಲ. ಪದವೀಧರ ಮಿತ್ರರೇ, ಎಲ್ಲಿದ್ದರೂ ದುಡಿಮೆಗೆ ನಾಚದಿರಿ, ಸಮಾನತೆಯನ್ನು ಬಿಟ್ಟುಕೊಡದಿರಿ, ಊರಿನ ಒಂದು ಮಗುವಾದರೂ ನಿಮ್ಮ ನೆರವಿನಿಂದ ಕಾಲೇಜಿಗೆ ಬರುವಂತೆ ಮಾಡಿರಿ. ಈ ಪದವಿ ನಿಮ್ಮದು, ಅದರ ಫಲ ನಾಡಿನದಾಗಲಿ.