ಮೊಣಕಾಲಿನ ಆಪರೇಷನ್ ಆದವರ ಸಬ್ರ್, ಮನೆಯವರ ಹೊಣೆ
(ತುರ್ವಿಹಾಳದ ಜುಮಾ ಪ್ರವಚನದ ಸಾರಾಂಶ)

ಸಹೋದರರೇ,

ಅಲ್ಲಾಹನಿಗೆ ಸ್ತುತಿ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್, ಸಲಾಮ್.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ನಮ್ಮ ಸೀಮೆಯಲ್ಲಿ, ಭತ್ತದ ಗದ್ದೆಯ ಕೆಸರಿನಲ್ಲಿ ಬಗ್ಗಿ ಸಸಿ ನೆಟ್ಟು ಮನೆ ನಡೆಸಿದ ತಾಯಂದಿರಿದ್ದಾರೆ. ವಯಸ್ಸಾದಂತೆ ಮೊಣಕಾಲು ಸವೆಯುತ್ತದೆ. ರಾಯಚೂರು, ಬಳ್ಳಾರಿಗೆ ಹೋಗಿ ಕೀಲು ಬದಲಿಸಿಕೊಂಡು ಬಂದವರೂ ನಮ್ಮ ನಡುವೆ ಇದ್ದಾರೆ. ಆಪರೇಷನ್ ಒಂದೆರಡು ತಾಸಿನ ಕೆಲಸ. ಅದರ ನಂತರದ ತಿಂಗಳುಗಳೇ ನಿಜವಾದ ಪರೀಕ್ಷೆ.

ಚಿಕಿತ್ಸೆ ಮಾಡಿಸಬೇಕೇ ಎಂದು ಹಳ್ಳಿಗಾಡಿನ ಅರಬರು ಕೇಳಿದಾಗ ಪ್ರವಾದಿ(ಸ)ರು ಮಾಡಿಸಿಕೊಳ್ಳಲು ಹೇಳಿದರು. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದೂ ಕಲಿಸಿದರು. ಆದ್ದರಿಂದ ಸಬ್ರ್ ಎಂದರೆ ಸುಮ್ಮನೆ ಮಲಗಿರುವುದಲ್ಲ. ನೋವಿದ್ದರೂ ವೈದ್ಯರು ಹೇಳಿದ ವ್ಯಾಯಾಮವನ್ನು ದಿನವೂ ಮಾಡುವುದು ಸಬ್ರ್.

ಬಾವು ಕಂಡು ಗಾಬರಿಯಾಗಬೇಡಿ. ಮೊದಲ ವಾರಗಳಲ್ಲಿ ಬಾವು ಸಹಜ, ಸ್ವಲ್ಪ ಬಾವು ಕೆಲವರಿಗೆ 3ರಿಂದ 6 ತಿಂಗಳವರೆಗೂ ಉಳಿಯುತ್ತದೆ. ಮಲಗಿದಾಗ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಡಿ. ದಿಂಬು ಹಿಮ್ಮಡಿಯ ಕಡೆಗಿರಲಿ, ಮೊಣಕಾಲಿನ ಕೆಳಗೆ ಮಾತ್ರ ಬೇಡ. ಅಲ್ಲಿಟ್ಟರೆ ಕಾಲು ಮಡಚಿಯೇ ಉಳಿದು ನೆಟ್ಟಗಾಗುವುದು ಕಷ್ಟ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15-20 ನಿಮಿಷ ಇಡಿ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ವಾಕರ್ ಹಿಡಿದು ಸ್ವಲ್ಪ ಸ್ವಲ್ಪವೇ ಹಲವು ಸಲ ನಡೆಯಿರಿ. ಬಿಸಿ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ, ಇಲ್ಲವಾದರೆ ಗಾಯ ಮಾಯುವುದು ತಡವಾಗುತ್ತದೆ.

ಮೀನಖಂಡದಲ್ಲಿ ಹೊಸದಾಗಿ ನೋವು, ಬಾವು ಬಂದರೆ, ಜ್ವರ ಬಂದರೆ, ಗಾಯ ಕೆಂಪೇರಿ ಕೀವು ಸೋರಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಸಜ್ದಾ ಮಾಡಲಾಗದೆ ತಮ್ಮ ನಮಾಝ್ ಅರೆಯಾಯಿತೆಂದು ಹಿರಿಯರು ಕಣ್ಣೀರಿಡುತ್ತಾರೆ. ಇಮ್ರಾನ್ ಬಿನ್ ಹುಸೈನ್(ರ)ರು ಕಾಯಿಲೆಯಲ್ಲಿದ್ದಾಗ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ನಮಾಝ್ ಮಾಡಲು ಪ್ರವಾದಿ(ಸ)ರು ತಿಳಿಸಿದರು. ಕುರ್ಚಿಯ ಮೇಲೆ ಕುಳಿತು ರುಕೂವಿಗೆ ಬಾಗಿ, ಸಜ್ದಾಕ್ಕೆ ಇನ್ನೂ ಸ್ವಲ್ಪ ಹೆಚ್ಚು ಬಾಗಿರಿ. ಆರೋಗ್ಯವಿದ್ದಾಗ ಮಾಡುತ್ತಿದ್ದ ಸತ್ಕರ್ಮದ ಪುಣ್ಯ ಕಾಯಿಲೆಯಲ್ಲೂ ಬರೆಯಲ್ಪಡುತ್ತದೆ ಎಂಬ ಶುಭವಾರ್ತೆ ಹದೀಸಿನಲ್ಲಿದೆ. ಮಸೀದಿಯಲ್ಲಿ ಕುರ್ಚಿಯಲ್ಲಿ ಕುಳಿತವರನ್ನು ಯಾರೂ ಓರೆಗಣ್ಣಿನಿಂದ ನೋಡಬಾರದು.

ಗಂಡುಮಕ್ಕಳಿಗೆ ಒಂದು ಮಾತು. ತಂದೆತಾಯಿಗೆ "ಛೆ" ಎನ್ನುವುದನ್ನೂ ಕುರ್‌ಆನ್ ತಡೆದಿದೆ. ಅಮ್ಮನ ಸೇವೆಯನ್ನೆಲ್ಲ ಸೊಸೆಯ ತಲೆಗೆ ಕಟ್ಟಿ ನೀವು ಅಂಗಡಿಗೆ ಹೊರಟರೆ ನಿಮ್ಮ ಹೊಣೆ ತೀರದು. ಐಸ್ ಇಡುವುದು, ಕೈ ಹಿಡಿದು ನಡೆಸುವುದು ನಿಮ್ಮ ಕೆಲಸವೂ ಹೌದು. "ಪಾಪ, ಮಲಗಿರಲಿ" ಎಂಬ ಪ್ರೀತಿಯಿಂದಲೇ ಕೀಲು ಬಿಗಿದುಹೋಗುತ್ತದೆ. ನೋಡಲು ಹೋಗುವವರು ದುಆ ಮಾಡಿ, ಧೈರ್ಯ ಹೇಳಿ, ಬೇಗ ಎದ್ದು ಬನ್ನಿ.

ಅಲ್ಲಾಹನು ರೋಗಿಗಳಿಗೆ ಶಿಫಾ, ಸೇವೆ ಮಾಡುವವರಿಗೆ ಪ್ರತಿಫಲ ಕರುಣಿಸಲಿ. ಆಮೀನ್.