ಅಂಗನವಾಡಿಗೆ ಅಂಕ ಕೊಡುವ ಮುನ್ನ

ಅಂಗನವಾಡಿ ಚೆನ್ನಾಗಿದೆಯೇ ಎಂದು ತಿಳಿಯಲು ನಾವು ಗೋಡೆಯ ಬಣ್ಣ ನೋಡುತ್ತೇವೆ, ಅಧಿಕಾರಿಗಳು ಹಾಜರಿ ಪುಸ್ತಕ ನೋಡುತ್ತಾರೆ. ನೀರು, ಶೌಚಾಲಯ ಬೇಕು, ನಿಜ. ನಮ್ಮ ಕಡೆ ವಾಡಿ ಊರಿನ ಸಿಮೆಂಟು, ಶಹಾಬಾದಿನ ಕಲ್ಲುಗಣಿಯ ಧೂಳಿನ ನಡುವೆ ಒರೆಸಿದ ನೆಲವೂ ಸಣ್ಣ ಮಾತಲ್ಲ.

ಆದರೆ ಒಂದು ತಾಸು ಮೂಲೆಯಲ್ಲಿ ಕೂತು ಕೇಳಿ. ಮಾತು ಯಾರದು ಹೆಚ್ಚು, ಟೀಚರದೋ ಮಕ್ಕಳದೋ? ಚಿಂಚೋಳಿ ತಾಂಡಾದ ಕೂಸಿನ ಮನೆಮಾತು ಲಂಬಾಣಿ. ಸೇಡಂನ ಗಡಿ ಹಳ್ಳಿಗಳಲ್ಲಿ ತೆಲುಗು, ಚಿತ್ತಾಪುರದ ಓಣಿಗಳಲ್ಲಿ ಉರ್ದು. ಆ ಮಾತಿನಲ್ಲಿ ನೀರು ಕೇಳಿದ ಮಗುವಿಗೆ ನೀರು ಸಿಕ್ಕಿತೋ, ಗದರಿಕೆಯೋ? ನನ್ನ ಲೆಕ್ಕದಲ್ಲಿ ಅರ್ಧ ಅಂಕ ಇಲ್ಲೇ.

1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆಯಲ್ಲಿ ಊಟ, ಚುಚ್ಚುಮದ್ದಿನ ಜೊತೆಗೇ ಶಾಲಾಪೂರ್ವ ಶಿಕ್ಷಣವೂ ಇತ್ತು. ಮಗುವಿನ ತೂಕ ಬರೆದಿಟ್ಟರೆ ಸಾಲದು. ತೂಕ ಏರದ ಮಗುವಿನ ಮನೆಗೆ ಯಾರಾದರೂ ಹೋದರೇ?

“ಎಬಿಸಿಡಿ ಕಲಿಸ್ತಾರೇನ್ರೀ?” ಎನ್ನುತ್ತಾರೆ ತಂದೆತಾಯಿ. ಮೂರು ವರ್ಷದ ಬೆರಳಿಗೆ ಪೆನ್ಸಿಲ್‌ಗಿಂತ ಮೊದಲು ಮಣ್ಣು ಬೇಕು, ಮಣಿ ಪೋಣಿಸುವ ದಾರ ಬೇಕು. ನಮ್ಮ ಸರಕಾರದ ‘ಚಿಲಿಪಿಲಿ’ ಪಠ್ಯಕ್ರಮವೂ ಆಟವನ್ನೇ ನಂಬಿದೆ.

ಅಂದಹಾಗೆ, ಸರ್ವೆ, ಚುನಾವಣೆ ಎಂದು ಕಾರ್ಯಕರ್ತೆಯನ್ನು ಕೇಂದ್ರದಿಂದ ಎಬ್ಬಿಸಿ ಕಳಿಸಿದ ದಿನಗಳ ಅಂಕವನ್ನು ಕಳೆಯಬೇಕಾದ್ದು ಅವಳ ಖಾತೆಯಿಂದಲ್ಲ.